ಎಡಗಡೆ ಸಾಲಿನ ಎಕ್ಕ

ಆಗ ನನಗೆ ಅರವತ್ತೇಳು. ಹೋದ ಕಾರ್ತಿಕದ ಮಾತು, ಇನ್ನೂ ವರ್ಷ ತುಂಬಿಲ್ಲ.

ಕಾಯಿಲೆ ಬಂದದ್ದು ನನಗೆ ಗೊತ್ತಾಗಲಿಲ್ಲ. ಇಸ್ಪೀಟಿನಲ್ಲಿ ಸೋಲುತ್ತಿದ್ದೇನೆ ಅನ್ನುವುದು ಮಾತ್ರ ಗೊತ್ತಾಯಿತು.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬರೆದು ಅಭ್ಯಾಸವಿಲ್ಲ. ಈಗಂತೂ ಹಾಳೆಯ ಎಡ ಅಂಚಿಗೆ ಬೆರಳು ಒತ್ತಿ ಹಿಡಿದುಕೊಂಡು ಬರೆಯಬೇಕು, ಇಲ್ಲದಿದ್ದರೆ ಸಾಲು ಹಾಳೆಯ ನಡುವೆ ಎಲ್ಲೋ ಶುರುವಾಗುತ್ತದೆ. ಆದರೂ ಬರೆಯುತ್ತೇನೆ. ಬೇರೆ ಯಾರ ಮನೆಯಲ್ಲಾದರೂ ಹೀಗಾದರೆ ಅವರು ನಮ್ಮ ಹಾಗೆ ಜಗಳ ಆಡಿಕೊಂಡು ಕೂರಬಾರದು.

ನಮ್ಮದು ಅರಿಶಿನಕುಂಟೆ, ಹೈವೇ ಪಕ್ಕದ ಊರು. ಮಗ ರಂಗಸ್ವಾಮಿ ಗೋಡೌನಿನಲ್ಲಿ ಸೂಪರ್‌ವೈಸರ್. ಸೊಸೆ ಶಿಲ್ಪ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಬೆಳಗ್ಗೆ ಇಬ್ಬರೂ ಹೊರಟರೆ ಸಾಯಂಕಾಲದ ತನಕ ಮನೆ ನನ್ನದು. ಮಗಳು ಭಾಗ್ಯಳನ್ನು ಕೊಟ್ಟಿರುವುದು ಹೊಸಕೋಟೆ ಕಡೆ, ಜಡಿಗೇನಹಳ್ಳಿಗೆ. ಅವಳ ಅತ್ತೆ ಪಿಳ್ಳಮ್ಮ. ನನಗೆ ಬೀಗಿತ್ತಿ.

ಬೀಗಿತ್ತಿ ಅಂದರೆ ಏನು ಅಂತ ಹೆಣ್ಣು ಕೊಟ್ಟವರನ್ನು ಕೇಳಬೇಕು. ಅವರು ಬಂದರೆ ಮೊದಲ ಎಲೆ ಅವರಿಗೆ. ಅವರು ಏಳುವ ತನಕ ನಾವು ಊಟಕ್ಕೆ ಕೂರುವಂತಿಲ್ಲ. ಗಂಡ ಹೆಂಡತಿ ಜಗಳವಾದರೆ ಯಾರದು ತಪ್ಪು ಅಂತ ತಿಳಿಯುವ ಮೊದಲೇ ನಾವು ಹೋಗಿ ನಮ್ಮದೇ ತಪ್ಪಾಯಿತು ಅನ್ನಬೇಕು. ಭಾಗ್ಯಳ ಮದುವೆಯಾದಾಗಿನಿಂದ ನಾನು ಪಿಳ್ಳಮ್ಮನ ಮುಂದೆ ಹೀಗೇ ಬಗ್ಗಿಕೊಂಡು ಬಂದವಳು. ಅವಳು ಕೆಟ್ಟವಳಲ್ಲ. ಗಂಡಿನ ತಾಯಿ, ಅಷ್ಟೇ.

ಪಿಳ್ಳಮ್ಮನಿಗೆ ಮಂಡಿ ಆಪರೇಷನ್ ಆಗಿ ಮಂಚ ಹಿಡಿದಾಗ ಭಾಗ್ಯ ಅವಳ ಫೋನಿಗೆ ಸಾಲಿಟೇರ್ ಹಾಕಿಕೊಟ್ಟಳು. ಒಬ್ಬರೇ ಆಡುವ ಇಸ್ಪೀಟು. ಏಳು ಸಾಲು ಎಲೆ ಇರುತ್ತದೆ. ಕೆಂಪಿನ ಕೆಳಗೆ ಕಪ್ಪು, ಕಪ್ಪಿನ ಕೆಳಗೆ ಕೆಂಪು ಇಳಿಸುತ್ತಾ ಹೋಗಬೇಕು. ಎಕ್ಕ ಸಿಕ್ಕರೆ ಮೇಲೆ ಎತ್ತಿಟ್ಟು ಅದರ ಮೇಲೆ ಎರಡು, ಮೂರು ಅಂತ ರಾಜನ ತನಕ ಕಟ್ಟಬೇಕು. ಒಬ್ಬರೇ ಆಡುವ ಆಟವಾದರೂ ಇಬ್ಬರು ಪಂದ್ಯ ಕಟ್ಟಬಹುದು. ಅವಳ ಫೋನಿಗೂ ನನ್ನ ಫೋನಿಗೂ ಒಂದೇ ತರಹ ಎಲೆ ಬೀಳುತ್ತದೆ, ಬೇಗ ಮುಗಿಸಿದವರು ಗೆದ್ದಂತೆ. ಆಟ ಮುಗಿದ ಮೇಲೆ ಸೋತವರ ಎಲೆ ಹೇಗೆ ನಿಂತಿತ್ತು ಅಂತ ಗೆದ್ದವರಿಗೆ ತೋರಿಸುತ್ತದೆ. ಹಂಗಿಸುವುದಕ್ಕೆ ಒಳ್ಳೆಯ ಏರ್ಪಾಡು.

ಎಲೆ ನನಗೆ ಹೊಸದಲ್ಲ. ನನ್ನ ತವರಿನಲ್ಲಿ ಯುಗಾದಿಗೆ ಹೆಂಗಸರೂ ಇಸ್ಪೀಟಿಗೆ ಕೂರುತ್ತಿದ್ದೆವು. ಮಧ್ಯಾಹ್ನ ಕೆಲಸ ಮುಗಿಸಿ ಗೋಡೆಗೆ ಒರಗಿ ಫೋನ್ ಹಿಡಿದರೆ ಆ ಕಡೆ ಪಿಳ್ಳಮ್ಮ ಕಾದಿರುತ್ತಿದ್ದಳು. ಆಟ ಮುಗಿದ ಕೂಡಲೇ ಫೋನು.

"ಏನ್ ಬೀಗ್ರೇ, ರಾಣಿ ಕೆಳಗೆ ಗುಲಾಮನ್ನ ಕೂರ್ಸೋಕೂ ಬರಲ್ವಾ ನಿಮ್ಮೂರಲ್ಲಿ?"

"ನಮ್ಮೂರಲ್ಲಿ ಗುಲಾಮ್ರೆಲ್ಲಿದ್ದಾರೆ ಬೀಗ್ರೇ? ಇದ್ದೊಬ್ಬಳನ್ನೂ ನಿಮ್ಮನೆಗೆ ಕೊಟ್ಬಿಟ್ವಲ್ಲ."

ಬೇರೆ ಹೊತ್ತಿನಲ್ಲಿ ಈ ಮಾತು ಆಡಿದ್ದರೆ ದೊಡ್ಡ ರಂಪವಾಗುತ್ತಿತ್ತು. ಇಸ್ಪೀಟಿನ ನೆಪದಲ್ಲಿ ಆಡಿದರೆ ಅವಳು ನಗುತ್ತಿದ್ದಳು. ಹೆಚ್ಚಾಗಿ ಗೆಲ್ಲುತ್ತಿದ್ದವಳು ನಾನೇ.

ಹೀಗಿದ್ದಾಗ ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ತಲೆಯ ಹಿಂದೆ, ಬಲಗಡೆ, ಯಾರೋ ಗುದ್ದಿದ ಹಾಗೆ ನೋವು ಬಂತು. ಕಣ್ಣ ಮುಂದೆ ಮಿಂಚಿದಂತಾಯಿತು. ವಾಂತಿ ಬರುವ ಹಾಗಾಗಿ ಬರಲಿಲ್ಲ. ಪಿತ್ತ ಅಂದುಕೊಂಡೆ. ಕಾಫಿ ಕುಡಿದು ಹಣೆಗೆ ಬಟ್ಟೆ ಬಿಗಿದು ಮಲಗಿದೆ. ಎದ್ದಾಗ ನೋವು ತಗ್ಗಿತ್ತು. ಕೈಕಾಲು ಆಡುತ್ತಿತ್ತು, ಬಾಯಿ ನೆಟ್ಟಗಿತ್ತು. ಮಿಕ್ಕ ಅವರೆಕಾಯಿ ಸುಲಿದು ಸಾರು ಮಾಡಿದೆ. ಲಕ್ವ ಅಂದರೆ ಕೈಕಾಲು ಬೀಳುವುದು, ಬಾಯಿ ಸೊಟ್ಟಗಾಗುವುದು ಅಂತ ಮಾತ್ರ ನಮಗೆ ಗೊತ್ತಿದ್ದದ್ದು. ನನಗೆ ಬಿಪಿ ಇದೆ ಅಂತ ಯಾರೂ ಹೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ.

ಅವತ್ತು ಸಂಜೆ ಆಟದಲ್ಲಿ ಸೋತೆ.

ಮಾರನೇ ದಿನವೂ ಸೋತೆ. ಅದರ ಮಾರನೇ ದಿನವೂ. ಎಲೆ ಕಟ್ಟಿಕೊಂಡು ಹೋಗುತ್ತಿದ್ದವಳು ಅರ್ಧದಲ್ಲಿ ನಿಂತುಬಿಡುತ್ತಿದ್ದೆ. ಮುಂದೆ ನಡೆಸುವುದಕ್ಕೆ ಎಲೆಯೇ ಇರುತ್ತಿರಲಿಲ್ಲ. ಇದೇ ಎಲೆಯಲ್ಲಿ ಅವಳು ಹೇಗೆ ಮುಗಿಸುತ್ತಾಳೆ? ಭಾಗ್ಯಳ ಕೈಯಲ್ಲಿ ಆಡಿಸುತ್ತಿದ್ದಾಳೆ ಅಂದುಕೊಂಡೆ.

ಅದಕ್ಕಿಂತ ಕೆಟ್ಟದ್ದೆಂದರೆ ಪಿಳ್ಳಮ್ಮ ಹಂಗಿಸುವುದನ್ನು ನಿಲ್ಲಿಸಿದ್ದು. ಫೋನ್ ಮಾಡಿ, "ಚೆನ್ನಾಗಿ ಆಡಿದ್ರಿ ಬೀಗ್ರೇ," ಅಂತ ಹೇಳಿ ಇಟ್ಟುಬಿಡುತ್ತಿದ್ದಳು. ಗೆದ್ದ ಕೊಬ್ಬು ಅಂದುಕೊಂಡೆ. ಅವಳು ಏನಂದುಕೊಂಡಿದ್ದಳು ಅನ್ನುವುದು ನನಗೆ ಆಮೇಲೆ ತಿಳಿಯಿತು.

ಅದಕ್ಕೆ ಸ್ವಲ್ಪ ಹಿಂದಿನದು ಹೇಳಬೇಕು. ಭಾಗ್ಯ ಹೊಸಕೋಟೆಯಲ್ಲಿ ಒಂದು ಪ್ಯಾಕಿಂಗ್ ಕಂಪನಿಗೆ ಕೆಲಸಕ್ಕೆ ಹೋಗುತ್ತೇನೆ ಅಂದಿದ್ದಳು. ಪಿಳ್ಳಮ್ಮ ಬೇಡ ಅಂದಳು. ಮಾತಿಗೆ ಮಾತು ಬೆಳೆದು ಭಾಗ್ಯ ಬಟ್ಟೆ ತುಂಬಿಕೊಂಡು ನಮ್ಮ ಮನೆಗೆ ಬಂದುಬಿಟ್ಟಳು. ನಾನು ಎರಡು ದಿನ ಇರಿಸಿಕೊಂಡು, ಕರೆದುಕೊಂಡು ಹೋಗಿ, ಯಥಾಪ್ರಕಾರ ನಮ್ಮದೇ ತಪ್ಪು ಅಂದು ಬಿಟ್ಟು ಬಂದೆ. ನಾನು ಸೋಲುವುದಕ್ಕೆ ಶುರು ಮಾಡಿದ್ದು ಅದಾದ ವಾರಕ್ಕೆ.

ಮನೆಯಲ್ಲೂ ಎಲ್ಲ ಕೆಡುತ್ತಾ ಬಂತು. ಎಡ ಭುಜ ಬಾಗಿಲಿಗೆ ಹೊಡೆದು ಹೊಡೆದು ನೀಲಿಗಟ್ಟಿತು. ಪಕ್ಕದಲ್ಲೇ ನಿಂತಿದ್ದವರು ಮಾತಾಡಿದರೆ ಎದೆ ಧಸಕ್ಕೆನ್ನುತ್ತಿತ್ತು, ಯಾವಾಗ ಬಂದರು ಇವರು ಅಂತ. ಊಟಕ್ಕೆ ಕೂತರೆ ಶಿಲ್ಪಳ ಜೊತೆ ಜಗಳ.

"ಅತ್ತೆ, ಪಲ್ಯ ಯಾಕ್ ಮುಟ್ಟಿಲ್ಲ? ಚೆನ್ನಾಗಿಲ್ವಾ?"

"ಬಡಿಸಿದ್ರೆ ತಾನೆ ಮುಟ್ಟೋದು."

"ಬಡ್ಸಿದ್ದೀನಲ್ಲತ್ತೆ, ತಟ್ಟೇಲೇ ಇದೆಯಲ್ಲ!"

ನಾನು ಎದ್ದುಬಿಟ್ಟೆ. ಸೊಸೆ ಬಡಿಸದೆ ಬಡಿಸಿದೆ ಅನ್ನುತ್ತಾಳೆ ಅಂತ ಮಗನಿಗೆ ಚಾಡಿ ಹೇಳಿದೆ. ತಟ್ಟೆಯ ಎಡಗಡೆ ಅರ್ಧ ಊಟ ಹಾಗೇ ಉಳಿಯುತ್ತಿತ್ತು. ನಾನು ಅದನ್ನು ಬಿಟ್ಟದ್ದಲ್ಲ. ಅದು ನನ್ನ ಪಾಲಿಗೆ ಇರಲೇ ಇಲ್ಲ.

ಒಂದು ದಿನ ಅಡುಗೆ ಮನೆಯಲ್ಲಿ ಸುಟ್ಟ ವಾಸನೆ ಬಂತು. ಯಾರ ಮನೆಯದೋ ಅಂದುಕೊಂಡೆ. ಎಡಗಡೆಯ ಬರ್ನರ್ ಉರಿಯುತ್ತಿತ್ತು, ಅದಕ್ಕೆ ನನ್ನ ಸೆರಗು ಹತ್ತಿತ್ತು. ರಂಗ ಸ್ನಾನಕ್ಕೆ ಹೊರಟಿದ್ದವನು ಓಡಿ ಬಂದು ಬಕೆಟ್ ನೀರು ಸುರಿದ. ಮೈ ಸುಡಲಿಲ್ಲ.

"ಪೊರೆ ಆಪರೇಷನ್ ಆದ ಎಡಗಣ್ಣು ಕೆಟ್ಟಿರ್ಬೇಕು," ಅಂದ ರಂಗ. ನನಗೂ ಹಾಗೇ ಅನ್ನಿಸಿತು. ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದ. ಅಂಗಡಿಯವನು ಬೋರ್ಡ್ ಓದಿಸಿದ. ದೊಡ್ಡ ಅಕ್ಷರ ಓದಿದೆ, ಸಣ್ಣದನ್ನು ಅರ್ಧಂಬರ್ಧ ಓದಿದೆ. ಪವರ್ ಬದಲಾಗಿದೆ, ಕನ್ನಡಕ ಬರುವುದಕ್ಕೆ ಸ್ವಲ್ಪ ದಿನ ಆಗುತ್ತದೆ ಅಂದ. ನಾವು ಕನ್ನಡಕಕ್ಕೆ ಕಾದು ಕೂತೆವು.

ಕಾದು ಕೂತದ್ದು ಕನ್ನಡಕಕ್ಕೆ.

ಒಂದು ಭಾನುವಾರ ಪಿಳ್ಳಮ್ಮನ ಫೋನು. ದನಿ ಗಡುಸಾಗಿತ್ತು. ಮಾತಾಡುತ್ತಲೇ ಆಟದ ಎಲೆ ನೋಡಬೇಕು ಅಂತ ಶಿಲ್ಪಳ ಕೈಯಲ್ಲಿ ಸ್ಪೀಕರ್ ಹಾಕಿಸಿದೆ.

"ಬೀಗ್ರೇ, ಒಂದ್ ಮಾತ್ ಕೇಳ್ತೀನಿ, ನಿಜ ಹೇಳಿ. ನನ್ಗೇನ್ ಭಿಕ್ಷೆ ಹಾಕ್ತಾ ಇದ್ದೀರಾ?"

"ಏನ್ ಭಿಕ್ಷೆ?"

"ಬೇಕ್‌ಬೇಕಂತ ಸೋಲ್ತಾ ಇದ್ದೀರಲ್ಲ! ನಿಮ್ಮ ಮಗಳನ್ನ ಚೆನ್ನಾಗ್ ನೋಡ್ಕೊಳ್ಳಲಿ ಅಂತ ಎಲೆ ಬಿಟ್ಕೊಟ್ಟು ಬೆಣ್ಣೆ ಹಚ್ತಾ ಇದ್ದೀರಾ? ನಾನೇನ್ ಅಷ್ಟು ಚಿಲ್ಲರೆ ಹೆಂಗಸಾ?"

"ನಾನ್ಯಾಕೆ ಬಿಟ್ಕೊಡ್ಲಿ? ನೀವೇ ಭಾಗ್ಯನ ಕೈಲಿ ಆಡಿಸ್ತಾ ಇದ್ದೀರಿ, ನನ್ಗೆ ಗೊತ್ತಿಲ್ವಾ?"

"ಅಯ್ಯೋ, ಸುಳ್ಳ್ ಬೇರೆ ಹೇಳ್ತೀರಲ್ಲ! ಇವತ್ತಿನ ಆಟದಲ್ಲಿ ಆಟೀನ್ ಎಕ್ಕ ಬಾಯ್ ತೆರ್ಕೊಂಡು ಬಿದ್ದಿದೆ. ಸಣ್ಣ ಮಗು ಕೂಡ ಎತ್ತಿಡುತ್ತೆ. ನೀವು ಮುಟ್ಟೇ ಇಲ್ಲ."

"ಯಾವ ಎಕ್ಕ? ನನ್ಗೆ ಎಕ್ಕ ಬರ್ಲೇ ಇಲ್ಲ."

"ಎಡಗಡೆ ಮೊದಲ್ನೇ ಸಾಲು ನೋಡ್ರೀ!"

ನೋಡಿದೆ. ಎಕ್ಕ ಇರಲಿಲ್ಲ. ನನಗೆ ಕಾಣುತ್ತಿದ್ದ ಮೊದಲನೇ ಸಾಲಿನಲ್ಲಿ ಕಳಾವರ್ ಒಂಬತ್ತು ಇತ್ತು. ಇವಳಿಗೆ ತಲೆ ಕೆಟ್ಟಿದೆ ಅಂತ ಶಿಲ್ಪಳಿಗೆ ಫೋನ್ ತೋರಿಸಿದೆ. ಅವಳು ಬಲಗಡೆಯಿಂದ ಬಗ್ಗಿ ನೋಡಿದಳು.

"ಇಲ್ಲೇ ಇದೆಯಲ್ಲತ್ತೆ," ಅಂತ ಕೈ ಚಾಚಿ ಬೆರಳಿಟ್ಟಳು.

ಅವಳ ಕೈ ಬಂದದ್ದು ಕಂಡಿತು. ಬಳೆ ಕಂಡಿತು. ಮಣಿಕಟ್ಟು ಕಂಡಿತು.

ಬೆರಳಿರಲಿಲ್ಲ.

"ಎಲ್ಲಿಟ್ಟೆ ಬೆರಳು?" ಅಂದೆ. ಶಿಲ್ಪ ನನ್ನ ಮುಖ ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ನನ್ನ ತಲೆ ಹಿಡಿದು ಎಡಕ್ಕೆ ತಿರುಗಿಸಿದಳು. ಆಟೀನ್ ಎಕ್ಕ ಇತ್ತು. ಕೆಂಪಗೆ. ಅದರ ಪಕ್ಕದಲ್ಲಿ ಇನ್ನೂ ಎರಡು ಸಾಲು ಎಲೆ ಇತ್ತು. ಏಳು ಸಾಲಿನ ಆಟವನ್ನು ನಾನು ಇಷ್ಟು ದಿನ ನಾಲ್ಕು ಸಾಲಿನಲ್ಲಿ ಆಡುತ್ತಿದ್ದೆ. ನಾಲ್ಕೇ ಇರುವುದು ಯಾಕೆ ಅಂತ ಕೂಡ ನನಗೆ ಅನ್ನಿಸಿರಲಿಲ್ಲ.

ಸ್ಪೀಕರಿನಲ್ಲಿ ಪಿಳ್ಳಮ್ಮ ಕೂಗುತ್ತಿದ್ದಳು. "ಕಂಡ್ತಾ? ಈಗ್ ಕಂಡ್ತಾ? ಬೀಗ್ರೇ? ಯಾಕ್ ಮಾತಾಡ್ತಿಲ್ಲ? ಏ ಹನುಮಕ್ಕ!"

ಬೀಗತನವಾದ ಮೇಲೆ ಅವಳು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಮಾರನೇ ದಿನ ನೆಲಮಂಗಲದಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಒಂದು ಕಣ್ಣು ಮುಚ್ಚಿಸಿದಳು.

"ಅಜ್ಜಿ, ನನ್ನ ಮೂಗನ್ನೇ ನೋಡ್ತಿರಿ. ಎಷ್ಟು ಬೆರಳು?"

"ಎರಡು."

"ಈ ಕಡೆ?"

"ಯಾವ ಕಡೆ?"

ಇನ್ನೊಂದು ಕಣ್ಣು ಮುಚ್ಚಿಸಿ ಕೇಳಿದಳು. ಅದೇ ಕಥೆ. ಅವಳು ಕೈ ಇಳಿಸಿ ರಂಗನ ಕಡೆ ತಿರುಗಿದಳು. "ಕಣ್ಣು ಎರಡೂ ಚೆನ್ನಾಗಿದೆ. ಎರಡ್ರಲ್ಲೂ ಒಂದೇ ಕಡೆ ಕಾಣ್ತಿಲ್ಲ ಅಂದ್ರೆ ತೊಂದ್ರೆ ತಲೆ ಒಳಗಿದೆ. ಎಂಆರ್‌ಐ ಮಾಡಿಸ್ಬೇಕು. ನಾಳೆ ಅಲ್ಲ, ಈಗ್ಲೇ."

ದೊಡ್ಡ ಆಸ್ಪತ್ರೆಗೆ ಹೋದೆವು. ಬಿಪಿ ನೋಡಿದ ನರ್ಸ್ ಮತ್ತೊಂದು ಸಲ ನೋಡಿದಳು. ಡ್ರಿಪ್ ಹಾಕಿದರು. ಎಂಆರ್‌ಐ ಮೆಷಿನ್ನಿನ ಕೊಳವೆಯೊಳಗೆ ತಳ್ಳಿದರು. ಕಿವಿಯ ಹತ್ತಿರ ತಗಡು ಬಡಿದ ಹಾಗೆ ಸದ್ದು. ಸಾಯುವುದಾದರೆ ಇಲ್ಲೇ ಸತ್ತರೆ ಎತ್ತುವವರಿಗೆ ಕಷ್ಟ ಅಂತ ಯೋಚನೆ ಬಂತು. ಬೇರೆ ಏನೂ ಬರಲಿಲ್ಲ.

ನರದ ಡಾಕ್ಟರ್ ಫಿಲ್ಮ್ ಹಿಡಿದು ತೋರಿಸಿದರು. ತಲೆಯ ಹಿಂದೆ ಬಲಗಡೆ ಒಂದು ತುಂಡು ಬೇರೆ ಬಣ್ಣವಾಗಿತ್ತು.

"ಸ್ಟ್ರೋಕ್ ಆಗಿದೆ ಅಮ್ಮ. ಎಡಗಡೆ ನೋಡೋ ಜಾಗಕ್ಕೆ ರಕ್ತ ಹೋಗೋದು ನಿಂತುಹೋಗಿದೆ. ಇದು ಹೊಸದಲ್ಲ. ಎರಡು ಮೂರು ವಾರ ಆಗಿರ್ಬೇಕು."

ರಂಗ ಕೇಳಿದ. "ಮೊದಲೇ ಬಂದಿದ್ರೆ?"

"ಆದ ಕೆಲವು ಗಂಟೆ ಒಳಗೆ ಬಂದಿದ್ರೆ ಇಂಜೆಕ್ಷನ್ ಕೊಡ್ಬಹುದಿತ್ತು. ಈಗ ಮಾಡ್ಬೇಕಾಗಿರೋದು ಇನ್ನೊಂದು ಸ್ಟ್ರೋಕ್ ಆಗದಂಗೆ ನೋಡ್ಕೊಳ್ಳೋದು."

ರಂಗ ಗೋಡೆ ಕಡೆ ತಿರುಗಿಕೊಂಡ. ನಾನು ಅವರೆಕಾಯಿ ಸುಲಿದ ಮಧ್ಯಾಹ್ನವನ್ನು ಯಾರಿಗೂ ಹೇಳಲಿಲ್ಲ. ಹೇಳಿ ಏನು ಮಾಡುವುದು?

ವಾರ್ಡಿನಲ್ಲಿ ಕೆಲವು ದಿನ ಇಟ್ಟುಕೊಂಡು ಡಿಸ್ಚಾರ್ಜ್ ಮಾಡಿದರು. ಬಿಪಿ ಮಾತ್ರೆ, ರಕ್ತ ತೆಳ್ಳಗಾಗುವ ಮಾತ್ರೆ, ಕೊಬ್ಬಿನ ಮಾತ್ರೆ. ಸಾಯುವ ತನಕ ನುಂಗಬೇಕು. ಒಬ್ಬರನ್ನೇ ಬಿಡಬೇಡಿ, ಬೆಂಕಿ ಹತ್ತಿರ ಬಿಡಬೇಡಿ, ರಸ್ತೆಗೆ ಬಿಡಬೇಡಿ ಅಂದರು. ಮೂರು ತಿಂಗಳು ನೋಡೋಣ, ಒಂದಿಷ್ಟು ವಾಪಸ್ಸು ಬರಬಹುದು ಅಂತಲೂ ಅಂದರು.

ಶಿಲ್ಪ ರಜೆ ಹಾಕಿ ಮನೆಯಲ್ಲಿ ಕೂತಳು.

ಎಡಗಡೆ ಕತ್ತಲೆ ಇದೆಯಾ ಅಂತ ಎಲ್ಲರೂ ಕೇಳುತ್ತಾರೆ. ಕತ್ತಲೆಯಾದರೆ ಕತ್ತಲೆ ಅಂತ ಕಾಣುತ್ತದೆ. ಇದು ಕತ್ತಲೆ ಅಲ್ಲ. ನಿಮ್ಮ ಬೆನ್ನ ಹಿಂದೆ ಈಗ ಏನು ಕಾಣುತ್ತಿದೆ ಹೇಳಿ ನೋಡೋಣ. ಕಪ್ಪು ಕಾಣುತ್ತದೆಯಾ? ಏನೂ ಇಲ್ಲ, ಇಲ್ಲ ಅನ್ನುವುದೂ ಇಲ್ಲ. ನನಗೆ ಬೆನ್ನು ಎಡಗಡೆಯ ತನಕ ಬಂದುಬಿಟ್ಟಿದೆ, ಅಷ್ಟೇ. ಮಗ ಎಡಕ್ಕೆ ಕೂತರೆ ಮಗ ಇಲ್ಲ. ಕನ್ನಡಿಯಲ್ಲಿ ನೋಡಿಕೊಂಡರೆ ಅರ್ಧ ತಲೆಯನ್ನೇ ಬಾಚಿಕೊಳ್ಳುವ ಹಾಗಿರುತ್ತದೆ. ಇಷ್ಟು ವರ್ಷ ಇದ್ದ ಮನೆ ಅರ್ಧ ಹೋಯಿತು. ಮಿಕ್ಕ ಅರ್ಧದಲ್ಲಿ ನಾನು ಓಡಾಡುವುದನ್ನು ಸೊಸೆ ಕಾಯುತ್ತಾ ಕೂರಬೇಕು.

ಫೋನನ್ನು ರಂಗ ಎತ್ತಿಟ್ಟುಬಿಟ್ಟ. "ಅದನ್ನ ನೋಡಿ ನೋಡಿನೇ ತಲೆ ಕೆಟ್ಟಿದ್ದು," ಅಂದ. ಡಾಕ್ಟರ್ ಹಾಗೆ ಹೇಳಿರಲಿಲ್ಲ. ವಾದ ಮಾಡುವ ಶಕ್ತಿ ನನಗಿರಲಿಲ್ಲ. ಬೆಳಗ್ಗೆ ಎದ್ದು ಹಜಾರದ ಕುರ್ಚಿಯಲ್ಲಿ ಕೂತರೆ ಮಧ್ಯಾಹ್ನ. ಮಧ್ಯಾಹ್ನದ ಮೇಲೆ ಸಾಯಂಕಾಲ. ಶಿಲ್ಪ ಟೀವಿ ಹಾಕುತ್ತಿದ್ದಳು. ಅರ್ಧ ಪರದೆಯ ಧಾರಾವಾಹಿ ನೋಡಿದ್ದೀರಾ? ಯಾರು ಯಾರ ಕೆನ್ನೆಗೆ ಹೊಡೆದರು ಅಂತ ತಿಳಿಯುವುದಿಲ್ಲ.

"ಅತ್ತೆ, ಬೇಜಾರ್ ಮಾಡ್ಕೋಬೇಡಿ, ಒಂದ್ ಮಾತು," ಅಂದಳು ಶಿಲ್ಪ ಒಂದು ದಿನ. "ಹಿಂಗೇ ಇಬ್ರೂ ಮನೇಲ್ ಕೂತಿದ್ರೆ ನಿಮ್ಗೂ ಹುಚ್ಚು ಹಿಡಿಯುತ್ತೆ, ನನ್ಗೂ ಹಿಡಿಯುತ್ತೆ."

"ನಿನ್ಗೆ ಮೊದಲು ಹಿಡಿಯುತ್ತೆ."

"ಆಗ್ಲೇ ಹಿಡ್ದಿದೆ."

ನಕ್ಕೆವು. ಆದರೆ ಅವಳ ಕೆಲಸ ನಗುವ ಮಾತಾಗಿರಲಿಲ್ಲ. ಅವಳು ಟೈಲರಾಗಿ ಸೇರಿ ಲೈನಿನ ಸೂಪರ್‌ವೈಸರ್ ಆಗುವ ಹಂತಕ್ಕೆ ಬಂದಿದ್ದಳು. ಮೂರು ತಿಂಗಳ ಮೇಲೆ ರಜೆ ಇಲ್ಲ, ಆಮೇಲೆ ಬಂದರೆ ಬನ್ನಿ, ಇಲ್ಲದಿದ್ದರೆ ಬಿಡಿ ಅಂತ ಫ್ಯಾಕ್ಟರಿಯವರು ಹೇಳಿ ಕಳಿಸಿದ್ದರು. ನನ್ನ ಅರ್ಧ ಹೋದದ್ದು ಹೋಯಿತು. ಅದರ ಜೊತೆ ಅವಳದ್ದು ಪೂರ್ತಿ ಹೋಗಬೇಕಾ? ನನಗೆ ಅದೊಂದೇ ಯೋಚನೆ ಹತ್ತಿತು. ಮೂರು ತಿಂಗಳಿಗೆ ಎಡಗಡೆ ಸ್ವಲ್ಪ ಬಂದುಬಿಟ್ಟರೆ ಅವಳನ್ನು ಕಳಿಸಿಬಿಡಬಹುದು.

ಪಿಳ್ಳಮ್ಮ ಮಾತ್ರ ಒಂದು ಸಲವೂ ಫೋನ್ ಮಾಡಲಿಲ್ಲ. ಭಾಗ್ಯ ನೋಡಲು ಬಂದಾಗ ಕೇಳಿದೆ.

"ಅತ್ತೆ ಸರಿಯಾಗಿ ಊಟಾನೇ ಮಾಡಲ್ಲಮ್ಮ. ಫೋನಲ್ಲಿರೋ ಆ ಆಟಾನೂ ಅಳಿಸಿ ಹಾಕು ಅಂದ್ರು. ಯಾಕೆ ಅಂದ್ರೆ ಬಾಯಿ ಬಿಡಲ್ಲ."

ಮೂರು ತಿಂಗಳಾಯಿತು. ಆಸ್ಪತ್ರೆಯಲ್ಲಿ ಎಷ್ಟಗಲ ಕಾಣುತ್ತದೆ ಅಂತ ನೋಡುವ ಫೀಲ್ಡ್ ಟೆಸ್ಟ್ ಮಾಡಿದರು. ಬೋಗುಣಿಯಂಥ ಮೆಷಿನ್ನಿನೊಳಗೆ ಮುಖ ಇಟ್ಟು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಒತ್ತುತ್ತಾ ಹೋದೆ. ನಡುನಡುವೆ ಬಹಳ ಹೊತ್ತು ಚುಕ್ಕೆಯೇ ಬರಲಿಲ್ಲ. ಬರುತ್ತಲೇ ಇತ್ತು ಅಂತ ಆಮೇಲೆ ಹೇಳಿದರು. ಕಾಗದದಲ್ಲಿ ಒಂದು ಅರ್ಧ ಬೆಳ್ಳಗೆ, ಒಂದು ಅರ್ಧ ಕಪ್ಪಗೆ ಬಂದಿತ್ತು.

"ಏನೂ ಬಂದಿಲ್ವಾ ಸಾರ್?"

"ಅಂಚಲ್ಲಿ ಒಂಚೂರು ಬಂದಿದೆ. ಇನ್ನು ಹೆಚ್ಚೇನೂ ನಿರೀಕ್ಷೆ ಇಟ್ಕೋಬೇಡಿ ಅಮ್ಮ."

"ಹಂಗಾದ್ರೆ ಇಷ್ಟೇನಾ?"

"ಇಷ್ಟೇ. ಆದ್ರೆ ಕುತ್ತಿಗೆ ತಿರುಗುತ್ತಲ್ಲ? ಎಡಕ್ಕೆ ತಿರುಗಿ ನೋಡೋದನ್ನ ಅಭ್ಯಾಸ ಮಾಡ್ಕೊಳ್ಳಿ. ಪ್ರತಿ ಸಲ, ನೆನಪಿಟ್ಕೊಂಡು. ಅದಾಗಿಯೇ ತಿರುಗಲ್ಲ, ನೀವೇ ತಿರುಗಿಸ್ಬೇಕು. ಅಭ್ಯಾಸ ಆದ್ರೆ ಹಗಲು ಹೊತ್ತು ಒಬ್ರೇ ಇರ್ಬಹುದು. ಅದು ನಿಮ್ಮ ಕೈಲಿದೆ."

ಆಸ್ಪತ್ರೆಯಿಂದ ಬಂದು ಎರಡು ದಿನ ನಾನು ಕುತ್ತಿಗೆ ತಿರುಗಿಸಲಿಲ್ಲ. ಹಠ. ಇಲ್ಲದ ಕಡೆ ಯಾಕೆ ತಿರುಗಬೇಕು ಅಂತ. ಗೋಡೆ ನೋಡಿಕೊಂಡು ಮಲಗಿದ್ದೆ. ಶಿಲ್ಪ ಕೆಲಸ ಬಿಡುವ ಮಾತು ಒಳಗೆ ರಂಗನ ಹತ್ತಿರ ಆಡುತ್ತಿದ್ದದ್ದು ಕೇಳಿಸುತ್ತಿತ್ತು. ಕಿವಿ ಎರಡೂ ಚೆನ್ನಾಗಿವೆ.

ಮೂರನೇ ದಿನ ಮಧ್ಯಾಹ್ನ ಬಾಗಿಲಲ್ಲಿ ಪಿಳ್ಳಮ್ಮ ನಿಂತಿದ್ದಳು. ಜೊತೆಗೆ ಭಾಗ್ಯ. ಆಪರೇಷನ್ ಆದ ಮಂಡಿ ಇಟ್ಟುಕೊಂಡು ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಕರೆಯದೆ ಗಂಡಿನ ತಾಯಿ ಹೆಣ್ಣಿನ ಮನೆಗೆ ಬರುವುದುಂಟಾ? ನಾನು ಮಲಗಿದ್ದಲ್ಲಿಂದ ಏಳಲಿಲ್ಲ. ಬನ್ನಿ ಅನ್ನಲೂ ಇಲ್ಲ. ಅವಳು ನನ್ನ ಬಲಗಡೆ ಬಂದು ನೆಲದ ಮೇಲೆ ಕಾಲು ಚಾಚಿ ಕೂತಳು. ಶಿಲ್ಪ ಕಾಫಿ ತಂದಿಟ್ಟಳು. ಮುಟ್ಟಲಿಲ್ಲ.

"ಮೊದಲ್ನೇ ದಿನಾನೇ ನೋಡಿದ್ದೆ," ಅಂದಳು.

"ಏನು?"

"ಎಡಗಡೆ ಎಲೆ. ಹಂಗಂಗೇ ಬಿದ್ದಿದ್ವು. ದಿನಾ ನೋಡ್ತಿದ್ದೆ. ಮಗಳ ಸಲುವಾಗಿ ಬಿಟ್ಕೊಡ್ತಾಳೆ ಅಂದ್ಕೊಂಡೆ. ಸುಮ್ನಿದ್ದೆ." ಕಾಫಿ ಲೋಟ ಆ ಕಡೆ ಸರಿಸಿ ಹೇಳಿದಳು, "ನನ್ಗೆ ಚೆನ್ನಾಗೂ ಇತ್ತು."

"ಚೆನ್ನಾಗೂ ಇತ್ತಾ?"

"ಹೂಂ. ಸುಳ್ಳ್ ಯಾಕ್ ಹೇಳ್ಲಿ. ಆಮೇಲಾಮೇಲೆ ಸಿಟ್ಟು ಬಂತು."

ಎದ್ದು ಕೂತೆ. "ನಾನು ನಿಮ್ಗೆ ಎಲೆ ಯಾಕೆ ಬಿಟ್ಕೊಡ್ಲಿ? ಇಷ್ಟು ವರ್ಷ ಮಿಕ್ಕಿದ್ದೆಲ್ಲಾ ಬಿಟ್ಕೊಟ್ಟಿದ್ದೀನಿ. ನನ್ದು ಅಂತ ಇದ್ದಿದ್ದು ಆ ಆಟ ಒಂದೇ."

ಅವಳು ತಲೆ ತಗ್ಗಿಸಿದಳು. ಅಳಲಿಲ್ಲ. ಅತ್ತಿದ್ದರೆ ಎದ್ದು ಹೋಗಿ ಅಂದುಬಿಡುತ್ತಿದ್ದೆ.

ಅವಳು ಮೊದಲ ದಿನವೇ ಬಾಯಿ ಬಿಟ್ಟಿದ್ದರೆ ಇಂಜೆಕ್ಷನ್ ಹೊತ್ತು ಸಿಗುತ್ತಿತ್ತಾ, ಮೀರಿರುತ್ತಿತ್ತಾ? ಡಾಕ್ಟರನ್ನು ಕೇಳಿದರೆ ಹೇಳಿಯಾರು. ನಾನು ಕೇಳಲಿಲ್ಲ. ಕೇಳುವುದೂ ಇಲ್ಲ. ಉತ್ತರ ಒಂದು ತರಹ ಬಂದರೆ ಅವಳ ಮುಖ ನೋಡಲಾಗುವುದಿಲ್ಲ. ಇನ್ನೊಂದು ತರಹ ಬಂದರೆ ನನ್ನ ಕಣ್ಣೇನೂ ವಾಪಸ್ಸು ಬರುವುದಿಲ್ಲ.

"ಕಾಫಿ ಆರೋಯ್ತು, ಕುಡೀರಿ," ಅಂದೆ. "ಶಿಲ್ಪ, ನನ್ನ ಫೋನ್ ತಗೊಂಬಾ."

ಭಾಗ್ಯ ಅವಳ ಅತ್ತೆಯ ಫೋನಿಗೆ ಆಟ ಮತ್ತೆ ಹಾಕಿಕೊಟ್ಟಳು. ಇಷ್ಟು ದಿನ ಎರಡು ತಾಲ್ಲೂಕಿನಲ್ಲಿ ಕೂತು ಆಡಿದವರು ಒಂದೇ ಚಾಪೆಯ ಮೇಲೆ ಆಡಿದ್ದು ಅದೇ ಮೊದಲು.

"ನಿಧಾನಕ್ಕೆ ಆಡ್ಲಾ ಬೀಗ್ರೇ?"

"ನಿಧಾನಕ್ಕೆ ಆಡೋದಾದ್ರೆ ಬಸ್ ಹತ್ತಿ ಹೋಗಿ."

ಫೋನಿನ ಎಡ ಅಂಚಿಗೆ ಹೆಬ್ಬೆರಳು ಒತ್ತಿ ಹಿಡಿದೆ. ಬೆರಳು ಕಾಣುವ ತನಕ ತಲೆ ತಿರುಗಿಸಬೇಕು, ಆಮೇಲೆ ಎಲೆ ನೋಡಬೇಕು, ಅಂತ ನಾನೇ ಲೆಕ್ಕ ಮಾಡಿಕೊಂಡೆ. ಮೂರು ಎಲೆ ನಡೆಸುವಷ್ಟರಲ್ಲಿ ಮರೆತೆ. ಮತ್ತೆ ತಿರುಗಿದೆ. ಕುತ್ತಿಗೆ ನೋಯುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ಪಕ್ಕದಲ್ಲಿ ಅವಳ ಫೋನು ಟಕ್ ಟಕ್ ಅನ್ನುತ್ತಲೇ ಇತ್ತು. ನಾನು ಎರಡು ಎಕ್ಕ ಎತ್ತಿಡುವಷ್ಟರಲ್ಲಿ ಅವಳದ್ದು ಮುಗಿಯಿತು.

ಪಿಳ್ಳಮ್ಮ ನನ್ನ ಎಲೆ ಹೇಗೆ ನಿಂತಿದೆ ಅಂತ ಫೋನಿನಲ್ಲಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಎಡಗಡೆ ಆಡಿದ್ದೀರಿ," ಅಂದಳು. "ಬಲಗಡೆ ಇಸ್ಪೀಟ್ ರಾಣೀನ ಮರೆತಿದ್ದೀರಿ. ಇದು ಕಣ್ಣಿನ ತಪ್ಪಲ್ಲ, ತಲೆ ಇಲ್ದೇ ಆಡಿರೋದು!"

ಹಂಗಿಸಿದಳು. ನನಗೆ ಜೀವ ಬಂದಂತಾಯಿತು. ಇನ್ನೊಂದು ಆಟ ಆಡಿದೆವು. ಅದರಲ್ಲೂ ಸೋತೆ. ಸಾಯಂಕಾಲದ ತನಕ ಆಡಿ, ಎಲ್ಲದರಲ್ಲೂ ಸೋತು, ರಂಗ ಕೆಲಸದಿಂದ ಬಂದಾಗಲೂ ಆಡುತ್ತಲೇ ಇದ್ದೆ.

ಅವನು ಫೋನ್ ನೋಡಿ ಮುಖ ಗಂಟಿಕ್ಕಿದ. ಬೀಗಿತ್ತಿ ಎದುರಿಗೆ ಜೋರು ಮಾಡುವಂತಿಲ್ಲ. ನಾನೇ ಮಾತು ತೆಗೆದೆ. "ನಾಳೆಯಿಂದ ಶಿಲ್ಪ ಕೆಲಸಕ್ಕೆ ಹೋಗ್ಲಿ. ನಾನೊಬ್ಳೇ ಇರ್ತೀನಿ."

"ಹೆಂಗಮ್ಮ ಬಿಡೋದು? ಇನ್ನೊಂದ್ ಸಲ ಆದ್ರೆ ಯಾರಿಗ್ ಗೊತ್ತಾಗುತ್ತೆ?"

"ನನ್ಗೆ ಗೊತ್ತಾಗುತ್ತೆ ಕಣಪ್ಪಾ," ಅಂದಳು ಪಿಳ್ಳಮ್ಮ. "ಹೊತ್ತೊತ್ತಿಗೂ ಒಂದಾಟ ಆಡ್ತೀವಿ. ನಿಮ್ಮಮ್ಮನ ಎಲೆ ಹೆಂಗ್ ನಿಂತಿದೆ ಅಂತ ನನ್ಗೆ ಕಾಣಿಸುತ್ತೆ. ಒಂದ್ ಕಡೆ ಬಿಟ್ಟು ಆಡಿದ್ರೆ, ಆಟಕ್ಕೇ ಬರ್ದಿದ್ರೆ, ತಕ್ಷಣ ನಿನ್ಗೆ ಫೋನ್ ಮಾಡ್ತೀನಿ. ಈ ಸಲ ಬಾಯ್ ಮುಚ್ಕೊಂಡಿರಲ್ಲ."

"ಸೋತವರ ಎಲೆ ತಾನೆ ಕಾಣ್ಸೋದು?" ಅಂದೆ. "ನಾನು ಗೆದ್ರೆ?"

"ಗೆದ್ರೆ ನೆಟ್ಟಗಿದ್ದೀರಿ ಅಂತ ಅರ್ಥ. ಅದಿನ್ನೂ ದೂರ ಇದೆ ಬಿಡಿ."

ರಂಗ ಒಲೆ ಹತ್ತಿಸುವುದಿಲ್ಲ ಅಂತ ನನ್ನ ಕೈಯಲ್ಲಿ ಮಾತು ತೆಗೆದುಕೊಂಡ. ಕೊಟ್ಟೆ. ಶಿಲ್ಪ ಒಳಗೆ ಹೋಗಿ ಯೂನಿಫಾರ್ಮ್ ಇಸ್ತ್ರಿ ಮಾಡುವುದಕ್ಕೆ ನಿಂತಳು. ಭಾಗ್ಯ ಅವಳ ಪಕ್ಕದಲ್ಲಿ ನಿಂತು ಆ ಯೂನಿಫಾರ್ಮನ್ನೇ ನೋಡುತ್ತಿದ್ದಳು. ಅವಳ ಕೆಲಸದ ಮಾತನ್ನು ಅವತ್ತು ಯಾರೂ ಎತ್ತಲಿಲ್ಲ. ಪಿಳ್ಳಮ್ಮನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮಾರನೇ ಬೆಳಗ್ಗೆ ಬೀಗಿತ್ತಿಯೂ ಭಾಗ್ಯಳೂ ಮೊದಲ ಬಸ್ಸಿಗೆ ಹೊರಟರು. ರಂಗ ಗೋಡೌನಿಗೆ ಹೋದ. ಶಿಲ್ಪ ಡಬ್ಬಿ ಕಟ್ಟಿಕೊಂಡು ಬಾಗಿಲಲ್ಲಿ ಅನುಮಾನಿಸುತ್ತಾ ನಿಂತಳು. ಅವಳು ಬ್ಯಾಗು ಇಳಿಸಿಬಿಡುತ್ತಾಳೆ ಅನ್ನಿಸಿತು. ಚಪ್ಪಲಿ ಮೆಟ್ಟಿಕೊಂಡು ಅವಳ ಜೊತೆಗೇ ಹೊರಟೆ. ಗಾರ್ಮೆಂಟ್ಸಿನ ವ್ಯಾನು ಸರ್ವಿಸ್ ರೋಡಿಗೆ ಬರುತ್ತದೆ. ವ್ಯಾನು ಬಂದಾಗಲೂ ಅವಳು ಹತ್ತಲಿಲ್ಲ. "ಹತ್ತೇ, ಎಲ್ರೂ ಕಾಯ್ತಾವ್ರೆ," ಅಂತ ಬೆನ್ನಿಗೆ ಕೈ ಹಾಕಿ ನೂಕಿದೆ. ಹತ್ತಿದಳು. ವ್ಯಾನು ಹೋಯಿತು.

ವಾಪಸ್ಸು ಒಬ್ಬಳೇ ಬಂದೆ. ನಾಲ್ಕು ಹೆಜ್ಜೆ ಹಾಕುವುದು, ನಿಂತು ಎಡಕ್ಕೆ ತಿರುಗುವುದು, ಮತ್ತೆ ನಾಲ್ಕು ಹೆಜ್ಜೆ. ಒಂದು ಸಲ ತಿರುಗುವುದು ಮರೆತೆ. ಎಲ್ಲಿಂದಲೋ ಒಂದು ಬೈಕು ಬಂದು, ಸೀರೆಗೆ ಸವರಿಕೊಂಡು ಹೋಗಿ, ಮುಂದೆ ನಿಂತಿತು.

"ಏ ಅಜ್ಜಿ, ಕಣ್ ಕಾಣಲ್ವಾ?"

"ಅರ್ಧ ಕಾಣುತ್ತೆ ಕಣೋ," ಅಂದೆ. "ನೀನು ಆ ಅರ್ಧದಲ್ಲಿ ಬಾ."

ಅವನು ಏನೋ ಬೈದು ಹೋದ. ಅಲ್ಲೇ ಒಂದು ಅಂಗಡಿಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತೆ. ಆಮೇಲೆ ಎದ್ದು, ಎಡಕ್ಕೆ ನೋಡಿಕೊಂಡು, ಮನೆಗೆ ಹೋದೆ.